ಕಾಗದ ನೇರ ಮಾಡಿಕೊಟ್ಟವರಿಗೆ

ಕೈಲ್‌ಪೊಳ್ದ್ (ಕೊಡಗಿನ ಆಯುಧ ಪೂಜೆಯ ಹಬ್ಬ) ಮುಗಿದ ವಾರ ಈ ಸಾಲಿನ ಕೊನೆಯ ವೀಸಾ ಕೈಗೆ ಬಂತು. ವಿದೇಶದಲ್ಲಿ ಓದಲು ಹೊರಟ ಮಕ್ಕಳಿಗೆ ಹಾರ ಹಾಕಿದ್ದಾಯಿತು, ಫೋಟೊ ತೆಗೆದದ್ದೂ ಆಯಿತು. ಆ ಫೋಟೊದಲ್ಲಿ ಇಲ್ಲದವರಿಗೆ ಈ ಬರಹ. ಈ ಮಕ್ಕಳ ಅರ್ಜಿಗೆ ನೆರವಾಗುವ ನಾವು ಕಂಡಂತೆ, ನಮ್ಮ ಕಡೆಯ ಅರ್ಜಿಗಳು ಬೀಳುವುದು ಅಂಕ ಸಾಲದೆ ಅಲ್ಲ, ಒಂದು ಕಾಗದಕ್ಕೂ ಇನ್ನೊಂದಕ್ಕೂ ತಾಳೆಯಾಗದೆ. ಆ ತಾಳೆ ಕೂಡಿಸಿಕೊಟ್ಟವರು ನೀವು.

ಮೊದಲ ನಮಸ್ಕಾರ ಹೈಸ್ಕೂಲುಗಳ ಗುಮಾಸ್ತರಿಗೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ನಮ್ಮವರ ಮನೆತನದ ಹೆಸರು ಬರೀ ಒಂದು ಇನಿಷಿಯಲ್ ಆಗಿ ಕೂತಿರುತ್ತದೆ. ಪಾಸ್‌ಪೋರ್ಟಿನಲ್ಲಿ ಅದನ್ನೇ ಪೂರ್ತಿ ಬಿಡಿಸಿ ಬರೆಯಬೇಕು. ಮನೆತನದ ಹೆಸರನ್ನು ಇಂಗ್ಲಿಷಿನಲ್ಲಿ ಅಪ್ಪನ ಆಧಾರ್ ಒಂದು ಥರ ಬರೆದರೆ ಮಗಳ ಪ್ಯಾನ್ ಇನ್ನೊಂದು ಥರ ಬರೆದಿರುತ್ತದೆ. ಪಾಸ್‌ಪೋರ್ಟಿನ ಕಾಗುಣಿತವನ್ನೇ ಗಟ್ಟಿ ಮಾಡಿಕೊಂಡು ಅರ್ಜಿ, ಇಂಗ್ಲಿಷ್ ಪರೀಕ್ಷೆ, ಬ್ಯಾಂಕ್ ಖಾತೆ ಎಲ್ಲವನ್ನೂ ಅದಕ್ಕೆ ಹೊಂದಿಸುವುದು, ಹಳೆಯ ಅಂಕಪಟ್ಟಿಗೆ 'ಇಬ್ಬರೂ ಒಬ್ಬರೇ' ಎನ್ನುವ ನೋಟರಿ ಅಫಿಡವಿಟ್ ಲಗತ್ತಿಸುವುದು: ಇಷ್ಟು ಮಾಡಿದರೆ ಸಾಮಾನ್ಯವಾಗಿ ಸಾಕು. ಶಾಲೆಯ ದಾಖಲಾತಿ ಪುಸ್ತಕ ಹುಡುಕಿ ತೆಗೆದು ದೃಢೀಕರಿಸಿಕೊಟ್ಟವರು ನೀವಾದ್ದರಿಂದಲೇ ಆ ಅಫಿಡವಿಟ್ಟಿಗೆ ಬೆಲೆ ಬಂತು.

ಪದವಿಯ ಟ್ರಾನ್ಸ್‌ಕ್ರಿಪ್ಟ್ (ಎಲ್ಲ ಸೆಮಿಸ್ಟರಿನ ಅಂಕಗಳ ಅಧಿಕೃತ ದಾಖಲೆ) ವಿಷಯದಲ್ಲಿ ಈಗ ಹೊಸ ಗೊಂದಲವೊಂದಿದೆ. ಚಿಕ್ಕ ಅಳುವಾರದಲ್ಲಿ ಕೊಡಗು ವಿಶ್ವವಿದ್ಯಾಲಯ ಶುರುವಾದದ್ದು 2023ರಲ್ಲಿ. ಅದಕ್ಕೂ ಮುಂಚೆ ಪದವಿ ಮುಗಿಸಿದವರ ದಾಖಲೆ ಮಂಗಳೂರು ವಿಶ್ವವಿದ್ಯಾಲಯದ್ದು, ಅದಕ್ಕೆ ಕೊಣಾಜೆಗೇ ಹೋಗಬೇಕು. ಇಂಜಿನಿಯರಿಂಗ್ ಆದರೆ ಬೆಳಗಾವಿ. ಯಾರ ಕಾಗದ ಎಲ್ಲಿ ಸಿಗುತ್ತದೆಂದು ಮೊದಲ ದಿನವೇ ಹೇಳಿ, ಮಡಿಕೇರಿ–ಕುಶಾಲನಗರ ಸುತ್ತಾಟ ತಪ್ಪಿಸಿದ ಕಾಲೇಜು ಕಚೇರಿಯವರನ್ನು ಮರೆಯುವಂತಿಲ್ಲ.

ಇನ್ನು ಕಾಫಿಯ ಲೆಕ್ಕ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ಕೊಯ್ದು ಒಣಗಿಸಿ, ಕ್ಯೂರಿಂಗ್ (ಸಿಪ್ಪೆ ತೆಗೆದು ಬೀಜ ಹಸನು ಮಾಡುವುದು) ಮಾಡಿಸದೆ ಮಾರಿದ ಬೆಳೆಗಾರನ ಆದಾಯ ಕೃಷಿ ಆದಾಯ, ಅದಕ್ಕೆ ಕೇಂದ್ರದ ತೆರಿಗೆ ಇಲ್ಲ. ಕ್ಯೂರಿಂಗ್ ಮಾಡಿಸಿ ಮಾರಿದರೆ ಶೇ. 25, ಹುರಿದು ಪುಡಿ ಮಾಡಿ ಮಾರಿದರೆ ಶೇ. 40 ಭಾಗ ತೆರಿಗೆಗೆ ಒಳಪಡುತ್ತದೆ. ತೆರಿಗೆ ಇಲ್ಲವೆಂದು ಅನೇಕ ಮನೆಗಳಲ್ಲಿ ರಿಟರ್ನ್ಸ್ ಹಾಕಿಯೇ ಇರುವುದಿಲ್ಲ. ಆದರೆ ತೆರಿಗೆ ಇಲ್ಲದ ಆದಾಯವೂ ಆದಾಯವೇ. ಹಾರ್ವರ್ಡ್, ಯೇಲ್, ಎಂಐಟಿ, ಆಮ್‌ಹರ್ಸ್ಟ್‌ನಂಥ ಕಡೆ ವಿದೇಶಿ ವಿದ್ಯಾರ್ಥಿಗೆ ಸೀಟು ಕೊಡುವಾಗ ಮನೆಯ ದುಡ್ಡು ನೋಡುವುದಿಲ್ಲ. ಸೀಟು ಕೊಟ್ಟ ಮೇಲೆ ಮನೆಯಿಂದ ಆಗದಷ್ಟನ್ನು ತಾವೇ ತುಂಬುತ್ತಾರೆ. 'ಆಗದಷ್ಟು' ಎಷ್ಟೆಂದು ಅಳೆಯಲು ಸಾಮಾನ್ಯವಾಗಿ ಬಳಸುವುದು ಸಿಎಸ್‌ಎಸ್ ಪ್ರೊಫೈಲ್ ಎಂಬ ಅರ್ಜಿ. ಅದರಲ್ಲಿ ತೋಟದ ಬೆಲೆಯನ್ನೂ ಕೇಳುತ್ತಾರೆ, ತೆರಿಗೆ ಇಲ್ಲದ ಆದಾಯವನ್ನೂ ಕೇಳುತ್ತಾರೆ. 2026ರಲ್ಲಿ ಸೇರುವವರಿಗೆ ಮುಖ್ಯವಾಗಿ ಕೇಳುವುದು 2024ರ ಲೆಕ್ಕ, ಅಂದರೆ ರೋಬಸ್ಟಾ ದರ ಏರಿದ ವರ್ಷದ್ದು! ಆ ಒಂದು ವರ್ಷ ನೋಡಿದವರಿಗೆ ನಮ್ಮ ನಾಲ್ಕೆಕರೆಯವರೂ ಸಾಹುಕಾರರಾಗಿ ಕಾಣುತ್ತಾರೆ. ಹಾಗಾಗಿ ಹಿಂದಿನ ಮೂರು ನಾಲ್ಕು ವರ್ಷದ ಮಾರಾಟದ ಬಿಲ್ಲು, ಗೊಬ್ಬರ ಮತ್ತು ಕೂಲಿಯ ಖರ್ಚು, ಮಳೆಗೆ ಉದುರಿದ ಫಸಲಿನ ವಿವರ ಸೇರಿಸಿ ಒಂದು ಪುಟದ ವಿವರಣೆ ಪತ್ರ ಜೊತೆಗಿಡಬೇಕು. ಹಳೆಯ ಬಿಲ್ಲುಗಳ ನಕಲನ್ನು ಗೊಣಗದೆ ಹುಡುಕಿಕೊಟ್ಟ ಕಾಫಿ ವ್ಯಾಪಾರಿಗಳಿಗೆ, ಒಂದು ಪೈಸೆ ತೆಗೆದುಕೊಳ್ಳದೆ ಲೆಕ್ಕ ಬರೆದುಕೊಟ್ಟ ಆಡಿಟರುಗಳಿಗೆ ಈ ಸಾಲಿನ ದೊಡ್ಡ ಕೃತಜ್ಞತೆ ಸಲ್ಲಬೇಕು.

ನಾಡಕಚೇರಿಯ ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷ ಆಯುಸ್ಸು ಇದೆ, ನಿಜ. ಆದರೆ ಕೇಂದ್ರದ ಯೋಜನೆಗಳು ಕೇಳುವುದು ಹಿಂದಿನ ಹಣಕಾಸು ವರ್ಷದ ಆದಾಯ. ಹಳೆಯ ಪತ್ರ ಜೇಬಿನಲ್ಲಿದೆ ಎಂದು ಸುಮ್ಮನಿದ್ದವರಿಗೆ ಹೊಸದನ್ನು ಬೇಗ ಮಾಡಿಸಿಕೊಟ್ಟ ಗ್ರಾಮ ಆಡಳಿತಾಧಿಕಾರಿಗಳಿಗೂ ವಂದನೆ.

ನಾಗರಹೊಳೆ ಕಡೆಯ ಆಶ್ರಮ ಶಾಲೆಗಳ ಮೇಷ್ಟ್ರುಗಳೇ, ನೀವು ಮಾಡಿದ ಕೆಲಸವನ್ನು ಎಲ್ಲರೂ ತಿಳಿಯಬೇಕು. ಪರಿಶಿಷ್ಟ ಪಂಗಡದವರ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದಲ್ಲಿ ಇಡೀ ದೇಶಕ್ಕೆ ವರ್ಷಕ್ಕೆ ಇರುವುದು 20 ಜಾಗ. ಅದರಲ್ಲಿ 3 ಜಾಗ ವಿಶೇಷ ದುರ್ಬಲ ಬುಡಕಟ್ಟುಗಳಿಗೆ ಮೀಸಲು, ನಮ್ಮ ಜೇನು ಕುರುಬರು ಅದರೊಳಗೆ ಬರುತ್ತಾರೆ. ಪ್ರಮಾಣಪತ್ರದಲ್ಲಿ ಬರೀ 'ಕುರುಬ' ಎಂದಿದ್ದರೆ ಕೊಡಗಿನ ಮಟ್ಟಿಗೆ ಪಂಗಡದ ಪಟ್ಟಿಯಲ್ಲಿ ಉಳಿದರೂ ಆ ಮೂರು ಜಾಗದ ಬಾಗಿಲು ಮುಚ್ಚುತ್ತದೆ. 'ಜೇನು' ಎಂಬ ಎರಡಕ್ಷರ ಸೇರಿಸಲು ಹಾಡಿಯಿಂದ ತಾಲ್ಲೂಕು ಕಚೇರಿಗೆ ಎಷ್ಟು ಸಲ ನಡೆದಿರೋ! ಪರಿಶಿಷ್ಟ ಜಾತಿ, ಅಲೆಮಾರಿ, ಭೂರಹಿತ ಕೃಷಿ ಕಾರ್ಮಿಕ ಮತ್ತು ಕುಶಲಕರ್ಮಿ ಕುಟುಂಬಗಳಿಗೆ ಇರುವ ಸಾಗರೋತ್ತರ ಯೋಜನೆ ಬೇರೆಯದು: 125 ಜಾಗ, ಆದಾಯದ ಮಿತಿ 8 ಲಕ್ಷ. ಲೈನ್ ಮನೆಯ, ಅಂದರೆ ತೋಟದ ಕಾರ್ಮಿಕರ ಮಕ್ಕಳು ಇದನ್ನು ನೋಡಬೇಕು. ಅಲ್ಲಿ ಎಡವುವುದು ಪ್ರವೇಶ ಪತ್ರದಲ್ಲಿ. 'ಕೊನೆಯ ಸೆಮಿಸ್ಟರ್ ಫಲಿತಾಂಶ ಬಂದರೆ' ಎಂಬ ಷರತ್ತು ಇದ್ದರೆ ನಡೆಯುವುದಿಲ್ಲ, ಷರತ್ತಿಲ್ಲದ ಪತ್ರವೇ ಬೇಕು.

ವಿದ್ಯಾರ್ಥಿವೇತನ ಅರ್ಧ ಸಿಕ್ಕವರು ಬ್ಯಾಂಕಿಗೆ ಹೋಗಲೇಬೇಕು. ಸಾಮಾನ್ಯವಾಗಿ ಸಾಲ 7.5 ಲಕ್ಷ ದಾಟಿತೆಂದರೆ ಅಡಮಾನ ಕೇಳುತ್ತಾರೆ, ಅಲ್ಲಿಗೆ ಜಮ್ಮಾ ಜಾಗದ, ಅಂದರೆ ಮನೆತನಕ್ಕೆ ವಂಶಪಾರಂಪರ್ಯವಾಗಿ ಬಂದ ಜಮೀನಿನ ಕಥೆ ಶುರು. ಪಹಣಿಯಲ್ಲಿ ಎಂದೋ ತೀರಿಹೋದ ಪಟ್ಟೇದಾರರ (ಮನೆತನದ ಯಜಮಾನರ) ಹೆಸರು, ಒಕ್ಕದ (ಮನೆತನದ) ಎಲ್ಲರ ಒಪ್ಪಿಗೆ, ಒಬ್ಬರು ದುಬೈಯಲ್ಲಿ, ಇನ್ನೊಬ್ಬರು ಸೈನ್ಯದಲ್ಲಿ. ಜೊತೆಗೆ ಸಾಲ ತೀರದಿದ್ದರೆ ಅಡವಿಟ್ಟ ಆಸ್ತಿಯನ್ನು ಬ್ಯಾಂಕೇ ವಶಪಡಿಸಿಕೊಳ್ಳಲು ಬಿಡುವ ಸರ್ಫೇಸಿ ಕಾಯ್ದೆಯ ಹೊರಗೆ ಕೃಷಿ ಜಮೀನು ಇರುವುದರಿಂದ ಬ್ಯಾಂಕಿನವರು ಹಿಂದೇಟು ಹಾಕುತ್ತಾರೆ. ಪಟ್ಟಣದಲ್ಲಿ ಖಾತೆ ಸರಿಯಾಗಿರುವ ಮನೆಯೋ ಸೈಟೋ ಸಂಬಂಧಿಕರಲ್ಲಿ ಇದ್ದರೆ ಅದನ್ನು ಇಡುವುದೇ ಹತ್ತಿರದ ದಾರಿ. ಹೀಗೆ ಜಾಮೀನು ನಿಂತ ಸೋದರಮಾವಂದಿರು, ದೊಡ್ಡಪ್ಪಂದಿರು ನಮ್ಮಲ್ಲಿ ಹಲವರು. ನಿಮ್ಮ ಪತ್ರಗಳನ್ನು ಮೊದಲೇ ಓದಿ, ಯಾವುದು ನಿಲ್ಲುತ್ತದೆ ಯಾವುದು ನಿಲ್ಲದು ಎಂದು ಖಡಾಖಂಡಿತ ಹೇಳಿದ ನಿವೃತ್ತ ಬ್ಯಾಂಕ್ ಮ್ಯಾನೇಜರುಗಳಿಗೆ ನಾವು ಸದಾ ಋಣಿ. ಪಿಎಂ ವಿದ್ಯಾಲಕ್ಷ್ಮಿ ಯೋಜನೆ ದೇಶದೊಳಗಿನ ಕಾಲೇಜುಗಳಿಗೆ ಮಾತ್ರ ಎಂಬುದನ್ನೂ, ಮಾಜಿ ಸೈನಿಕರ ಮಕ್ಕಳ ಪ್ರಧಾನಮಂತ್ರಿ ವಿದ್ಯಾರ್ಥಿವೇತನ ವಿದೇಶಕ್ಕೆ ಅನ್ವಯಿಸದು ಎಂಬುದನ್ನೂ ಅವರು ಹೇಳದಿದ್ದರೆ ಎಷ್ಟೋ ಮನೆಯವರು ಸುಮ್ಮನೆ ಕಾಯುತ್ತಿದ್ದರು.

ಬ್ರಿಟನ್ನಿಗೆ ಹೊರಟವರಿಗೆ ಇನ್ನೊಂದು ಗಂಟು: ತೋರಿಸುವ ಹಣ ಸತತ 28 ದಿನ ಖಾತೆಯಲ್ಲಿರಬೇಕು, ಒಂದು ದಿನವೂ ಮಿತಿಗಿಂತ ಕೆಳಗಿಳಿಯಬಾರದು. ತೋಟದ ವೇತನ ಕೊಡುವ ಖಾತೆಯಲ್ಲೇ ಆ ಹಣ ಇಟ್ಟರೆ ಶನಿವಾರ ಬಂದಾಗ ಇಳಿದೇ ಇಳಿಯುತ್ತದೆ. ಬೇರೆ ಖಾತೆ ತೆರೆಸಿದ ಬುದ್ಧಿವಂತರಿಗೆ ಶಹಬ್ಬಾಸ್.

ಜರ್ಮನಿಯ ಲೆಕ್ಕವೇ ಬೇರೆ. ಅಲ್ಲಿನ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ. ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ ಸೆಮಿಸ್ಟರಿಗೆ 1,500 ಯೂರೊ. ಖರ್ಚಿಗೆಂದು ವರ್ಷಕ್ಕೆ 11,904 ಯೂರೊ ಬ್ಲಾಕ್ಡ್ ಖಾತೆಯಲ್ಲಿ (ತಿಂಗಳಿಗೆ ಇಂತಿಷ್ಟೇ ತೆಗೆಯಬಹುದಾದ ಖಾತೆ) ತೋರಿಸಬೇಕು, ಜರ್ಮನಿಯ ಶೈಕ್ಷಣಿಕ ವಿನಿಮಯ ಸಂಸ್ಥೆ ಡಿಎಎಡಿಯ ಪೂರ್ಣ ವಿದ್ಯಾರ್ಥಿವೇತನದ ಪತ್ರ ಇದ್ದರೆ ಅದು ಬೇಕಿಲ್ಲ. ನಮ್ಮ ಓದಿನ ಕಾಗದ ಅಸಲಿ ಎಂದು ಜರ್ಮನಿಯ ಪರವಾಗಿ ಪರಿಶೀಲಿಸಿ ಕೊಡುವ ಏಪಿಎಸ್ ಪ್ರಮಾಣಪತ್ರಕ್ಕೆ ಎಲ್ಲಕ್ಕಿಂತ ಮೊದಲು ಅರ್ಜಿ ಹಾಕಿ. ಏಜೆಂಟರ ಬಾಯಲ್ಲಿ ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳ ಹೆಸರು ಕಡಿಮೆ ಬರುತ್ತದೆ; ಅಲ್ಲಿಂದ ಅವರಿಗೆ ಕಮಿಷನ್ ಬರುವುದಿಲ್ಲ ನೋಡಿ. ಅವರು ತೋರಿಸುವ 'ಸ್ಕಾಲರ್‌ಶಿಪ್' ಎಷ್ಟೋ ಸಲ ಬರೀ ರಿಯಾಯಿತಿ. ಇಪ್ಪತ್ತು ಸಾವಿರ ಪೌಂಡಿನ ಶುಲ್ಕದಲ್ಲಿ ಮೂರು ಸಾವಿರ ಬಿಟ್ಟರೆ ಉಳಿದ ಹದಿನೇಳನ್ನು ಕಟ್ಟುವವರು ನೀವೇ.

ಶಿಫಾರಸು ಪತ್ರ ಬರೆದ ಅಧ್ಯಾಪಕರಿಗೆ: 'ಒಳ್ಳೆಯ ಹುಡುಗಿ, ಶಿಸ್ತಿನವಳು' ಎಂಬ ಹಳೆಯ ಮಾದರಿ ಬಿಟ್ಟು, ಎಷ್ಟು ವರ್ಷ ಪಾಠ ಮಾಡಿದಿರಿ, ತರಗತಿಯಲ್ಲಿ ಎಷ್ಟನೆಯವಳು, ಯಾವ ಪ್ರಾಜೆಕ್ಟಿನಲ್ಲಿ ಏನು ತಪ್ಪಿ ಹೇಗೆ ಸರಿಪಡಿಸಿದಳು ಎಂದು ಬರೆದಿರಲ್ಲ, ಓದುವವರಿಗೆ ಬೇಕಾದದ್ದು ಅದೇ. ಕಾಲೇಜಿನ ಇಮೇಲ್ ವಿಳಾಸ ಮಾಡಿಸಿಕೊಂಡದ್ದೂ ಉಪಕಾರವಾಯಿತು; ಸ್ವಂತ ಜಿಮೇಲಿನಿಂದ ಬಂದ ಪತ್ರವನ್ನು ಹಲವು ಕಡೆ ಒಪ್ಪುವುದಿಲ್ಲ.

ಕೊನೆಗೆ, ಜನರೇಟರ್ ಇದ್ದ ಮನೆಗಳಿಗೆ. ಬ್ರಿಟನ್ ಸರ್ಕಾರದ ಚೀವ್ನಿಂಗ್ ವಿದ್ಯಾರ್ಥಿವೇತನದ ಅರ್ಜಿ ತೆರೆದಿರುವುದು ಆಗಸ್ಟಿನಿಂದ ಅಕ್ಟೋಬರ್ ಮೊದಲ ವಾರದ ತನಕ, ಅಂದರೆ ನಮ್ಮಲ್ಲಿ ಕರೆಂಟೂ ನೆಟ್‌ವರ್ಕೂ ಇಲ್ಲದ ಕಾಲ. ಅದರ ಗಡುವು ಲಂಡನ್ನಿನ ಮಧ್ಯರಾತ್ರಿಯಲ್ಲ. ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಮಧ್ಯಾಹ್ನ 12 ಗಂಟೆ ಎಂದರೆ ನಮ್ಮ ಸಂಜೆ 5.30. ಎರಡು ವರ್ಷದ ಕೆಲಸ, ಅಂದರೆ 2,800 ಗಂಟೆ ಅನುಭವ ಆಗಿರಬೇಕು, ಓದಿದ ಮೇಲೆ ಸ್ವದೇಶಕ್ಕೆ ಮರಳಿ ಎರಡು ವರ್ಷ ಇರಬೇಕು. ಮಳೆಯಲ್ಲಿ ಜೀಪು ಕೊಟ್ಟು ಮಕ್ಕಳನ್ನು ಸಿಗ್ನಲ್ ಇರುವ ಗುಡ್ಡಕ್ಕೆ ಹತ್ತಿಸಿದವರಿಗೂ ನಮಸ್ಕಾರ.

ಸ್ಕ್ಯಾನ್ ಮಾಡಲು ಕೊಟ್ಟ ಮೂಲ ಅಂಕಪಟ್ಟಿ, ಪಹಣಿ, ಕ್ರಯಪತ್ರಗಳು ಇನ್ನೂ ಕೆಲವು ನಮ್ಮ ಬೀರುವಿನಲ್ಲಿವೆ. ಹುತ್ತರಿಗೆ ಮುಂಚೆ ಮನೆಯವರು ಯಾರಾದರೂ ಬಂದು, ಗುರುತಿನ ಚೀಟಿ ತೋರಿಸಿ, ಸಹಿ ಹಾಕಿ ಒಯ್ಯಿರಿ.