ನೋಡದೆ ಸಹಿ ಹಾಕಬೇಡ

ವಾಸ್ಕೊ, ಗೋವಾ

ಚಿ. ಮಂಜುನಾಥನಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ನಿನ್ನ ನೌಕಾಪಡೆ ವಾಯುನೆಲೆ ಐಎನ್‌ಎಸ್ ಹಂಸ ನಮ್ಮ ಮನೆಗೆ ಕೂಗಳತೆಯಲ್ಲಿದ್ದರೂ ನೀನು ಕೈಗೆ ಸಿಗುವುದಿಲ್ಲ. ನಾಲ್ಕು ದೇಶಗಳ ನೌಕಾಪಡೆಗಳು ಸೇರುವ ಮಲಬಾರ್ ಸಮರಾಭ್ಯಾಸದ ತಯಾರಿ ಅಂದಮೇಲೆ ಹ್ಯಾಂಗರಿನಲ್ಲಿ ಹಗಲೂ ರಾತ್ರಿಯೂ ಒಂದೇ, ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಈಗ ಎಲ್ಲರೂ ಕೇಳುವುದು ಒಂದೇ, 'ವಿಮಾನ ರೆಡಿನಾ?' ಅಮೆರಿಕ, ಜಪಾನ್, ಆಸ್ಟ್ರೇಲಿಯಾದವರ ಎದುರು ನಮ್ಮದು ನೆಲಬಿಟ್ಟು ಏಳದಿದ್ದರೆ ಮರ್ಯಾದೆ ಪ್ರಶ್ನೆ, ನಿಜ. ಆದರೂ ನೀನು ಕಣ್ಣಾರೆ ನೋಡದ ಕೆಲಸಕ್ಕೆ ಸಹಿ ಹಾಕಬೇಡ. 'ಎಲ್ಲ ಆಗಿದೆ ಮಾರಾಯ, ಸುಮ್ನೆ ಸಹಿ ಮಾಡು' ಅನ್ನುವವನು ಎಷ್ಟೇ ಗೆಳೆಯನಾಗಿರಲಿ, ಪ್ಯಾನಲ್ ತೆಗೆಸಿ ನೋಡು.

ನಾವು ಐಎಲ್-38 ಅನ್ನುವ ಹಳೇ ಸಾಗರ ಗಸ್ತು ವಿಮಾನ ನೋಡಿಕೊಳ್ಳುತ್ತಿದ್ದಾಗ ಒಮ್ಮೆ ಟೂಲ್ ಬಾಕ್ಸ್‌ನಲ್ಲಿ ಒಂದು ಚಿಕ್ಕ ಸ್ಪ್ಯಾನರ್ ಕಮ್ಮಿ ಬಂತು. ಹಾರುವವರು ಆಗಲೇ ಒಳಗೆ ಕೂತಿದ್ದರು. ನಮ್ಮ ಚೀಫ್ ಹಾರಾಟ ನಿಲ್ಲಿಸಿಯೇಬಿಟ್ಟರು. ಮೇಲಿನವರು ಬೈದರು, ಈ ಮನುಷ್ಯ ಕದಲಲಿಲ್ಲ. ಕೊನೆಗೆ ಸ್ಪ್ಯಾನರ್ ಸಿಕ್ಕಿದ್ದು ಒಬ್ಬ ಹುಡುಗನ ಡಾಂಗ್ರಿ ಜೇಬಿನಲ್ಲಿ! ನಗು ಬರುತ್ತೆ, ಅಲ್ವಾ? ಆದರೆ ಅದು ಸಿಗುವ ತನಕ, ವಿಮಾನ ತಿರುಗಿಸುವ ಕಂಟ್ರೋಲ್ ಕೇಬಲ್ ಪಕ್ಕ ಬಿದ್ದಿಲ್ಲ ಅಂತ ಯಾರಿಗೆ ಗೊತ್ತಿತ್ತು?

ಆ ಐಎಲ್-38 46 ವರ್ಷ ದುಡಿದು 2023ರಲ್ಲಿ ನಿವೃತ್ತಿಯಾಯಿತು. ನಿಮ್ಮ ಪಿ-8ಐ ಗಸ್ತು ವಿಮಾನಗಳ ಸ್ಕ್ವಾಡ್ರನ್ ಹಂಸದಲ್ಲಿ ಶುರುವಾದದ್ದೇ 2022ರಲ್ಲಿ. ಹೊಸದು ಅಂತ ಉಪ್ಪು ಕರುಣೆ ತೋರಿಸುವುದಿಲ್ಲ. ಸಮುದ್ರದ ಮೇಲೆ ತಗ್ಗಿನಲ್ಲಿ ಹಾರಿ ಬಂದ ವಿಮಾನವನ್ನು ಸಿಹಿನೀರಿನಲ್ಲಿ ತೊಳೆಯಲೇಬೇಕು. ಗಡಿಬಿಡಿಯಲ್ಲಿ ಮೊದಲು ಕತ್ತರಿ ಬೀಳುವುದು ಇದಕ್ಕೇ. 'ನಾಳೆ ತೊಳೆದರಾಯಿತು' ಅಂದರೆ ನೀನು ಒಪ್ಪಬೇಡ. ತುಕ್ಕು ಕಾಣಿಸುವಷ್ಟರಲ್ಲಿ ಅದು ರಿವೆಟ್ ಸಾಲಿನೊಳಗೆ ಇಳಿದಿರುತ್ತದೆ.

ಅಮೆರಿಕ, ಆಸ್ಟ್ರೇಲಿಯಾದವರು ಹಾರಿಸುವುದೂ ಪಿ-8ನ್ನೇ. ಜಪಾನಿನವರ ಪಿ-1 ಅವರೇ ಮಾಡಿಕೊಂಡದ್ದು, ನಾಲ್ಕು ಇಂಜಿನ್. ಹತ್ತಿರದಿಂದ ನೋಡಲು ಸಿಕ್ಕರೆ ಸಂಕೋಚ ಬೇಡ. ಇಂಗ್ಲಿಷ್ ತಪ್ಪಾದರೂ ಕೇಳು. ಅವರ ಹುಡುಗರು ಟೂಲ್ ಹೇಗೆ ಎಣಿಸುತ್ತಾರೆ ಅನ್ನುವುದನ್ನು ಮುಖ್ಯವಾಗಿ ನೋಡು. ನಮ್ಮ ವಿಮಾನದ ಬಗ್ಗೆ ಅವರು ಕೇಳಿದರೆ ನಕ್ಕು, ಆಫೀಸರ್ ಕಡೆ ಕೈ ತೋರಿಸು.

ಎರಡು ಪಾಳಿ ಒಟ್ಟಿಗೆ ಮಾಡಿ ಶೂರ ಅನ್ನಿಸಿಕೊಳ್ಳಬೇಡ. ಕಣ್ಣು ಎಳೆಯುತ್ತಿದ್ದರೆ ಬಾಯಿಬಿಟ್ಟು ಹೇಳು.

ಅಮ್ಮನಿಗೆ ಫೋನ್ ಮಾಡು. ಎಲ್ಲಿಗೆ, ಯಾವಾಗ ಅಂತೆಲ್ಲ ಹೇಳಬೇಡ, ಹೇಳಿದರೆ ಸಂಜೆಯೊಳಗೆ ಓಣಿಗೆಲ್ಲ ಗೊತ್ತಾಗುತ್ತೆ. ಊಟ ಆಯ್ತು ಅಂದರೆ ಅವಳಿಗೆ ಸಾಕು.

ಇಂತಿ,
ನಿನ್ನ ಮಾವ