ಮೂರು ಪೆನ್ಸ್ ಮೇಲೆ ಒಂದು ಕಣ್ಣಿರಲಿ

ಮಾನ್ಯ ಸಂಪಾದಕರೇ,

ಈಸ್ಟರ್‌ಗೆ ಮುಂಚಿನ ಗುರುವಾರ ಬ್ರಿಟನ್ನಿನ ರಾಜ ಹಿರಿಯರಿಗೆ ಚರ್ಮದ ಪುಟ್ಟ ಚೀಲ ಕೊಡುತ್ತಿರುವ ಫೋಟೊ ನಿಮ್ಮ ಪತ್ರಿಕೆಯಲ್ಲಿ ಬಂದಿತ್ತು. ಕೆಳಗೆ ‘ಚಿನ್ನದ ನಾಣ್ಯ ದಾನ’ ಅಂತ ಹಾಕಿದ್ದೀರಿ. ಅದು ಚಿನ್ನವಲ್ಲ, ಬೆಳ್ಳಿ. ಇಷ್ಟಕ್ಕೇ ಆಗಿದ್ದರೆ ಕಾಗದ ಬರೆಯುತ್ತಿರಲಿಲ್ಲ. ಆದರೆ ಆ ಫೋಟೊ ನೋಡಿ ನನ್ನ ಇಬ್ಬರು ಗೆಳೆಯರು ‘ಅಂಥದ್ದು ಎಲ್ಲಿ ಸಿಗುತ್ತೆ, ನಮಗೂ ಒಂದು ಸೆಟ್ ಬೇಕು’ ಅಂತ ಫೋನ್ ಮಾಡಿದರು. ಈ ವಿಷಯದಲ್ಲಿ ಕೈ ಸುಟ್ಟುಕೊಂಡವನು ನಾನು. ಹಾಗಾಗಿ ನಾಲ್ಕು ಮಾತು.

ಇದಕ್ಕೆ ಮಾಂಡಿ ಹಣ ಅನ್ನುತ್ತಾರೆ. 1, 2, 3, 4 ಪೆನ್ಸಿನ (ಪೆನ್ಸ್ ಅಂದರೆ ಬ್ರಿಟನ್ನಿನ ಚಿಲ್ಲರೆ ಕಾಸು, ಒಂದಾದರೆ ಪೆನ್ನಿ) ನಾಲ್ಕು ನಾಣ್ಯ ಸೇರಿದರೆ ಒಂದು ಸೆಟ್. ರಾಜನಿಗೆ ಎಷ್ಟು ವಯಸ್ಸೋ ಅಷ್ಟು ಗಂಡಸರು, ಅಷ್ಟೇ ಹೆಂಗಸರು, ಒಬ್ಬೊಬ್ಬರಿಗೂ ಅಷ್ಟೇ ಪೆನ್ಸ್. 2025ರಲ್ಲಿ ಇಂಗ್ಲೆಂಡಿನ ಡರಮ್ ಊರಿನ ದೊಡ್ಡ ಚರ್ಚ್‌ನಲ್ಲಿ 76 ಪೆನ್ಸ್ ಕೊಟ್ಟರು. ಇವು ಬಿಳಿ ಚೀಲದಲ್ಲಿ. ಜೊತೆಗಿರುವ ಕೆಂಪು ಚೀಲದಲ್ಲಿ ಮಾಮೂಲಿ ದುಡ್ಡು, ಹಿಂದೆ ಕೊಡುತ್ತಿದ್ದ ಊಟ-ಬಟ್ಟೆಯ ಬದಲಿಗೆ. ಒಂದು ಪೆನ್ನಿಯ ಅಗಲ ಬರೀ 11 ಮಿಲಿಮೀಟರ್, ತೂಕ ಅರ್ಧ ಗ್ರಾಂ ಕೂಡ ಇಲ್ಲ. ನಮ್ಮ ಮೈಸೂರು ಅರಸರ ಕಾಲದ ಪುಟ್ಟ ಚಿನ್ನದ ನಾಣ್ಯ ಕಂಠೀರವ ಹಣ ಕೈಯಲ್ಲಿ ಹಿಡಿದು ನೋಡಿದವರಿಗೆ ಅಂದಾಜು ಸಿಗುತ್ತೆ. ಉಸಿರು ಬಿಟ್ಟರೆ ಎಲ್ಲಿ ಹಾರಿಹೋಗುತ್ತೋ ಅನ್ನಿಸುವಂಥದ್ದು.

ನಾನು ಕೊಂಡದ್ದು 1899ರ ಸೆಟ್, ವಿಕ್ಟೋರಿಯಾ ರಾಣಿಯ ಕೊನೆಗಾಲದ್ದು. ಮಾರಿದವರು ‘ರಾಣಿ ತನ್ನ ಕೈಯಾರೆ ಬಡವರಿಗೆ ಕೊಟ್ಟದ್ದು ಸಾರ್’ ಅಂದರು. ನನ್ನ ಪಿಂಚಣಿಯ ಒಂದು ಪಾಲು ಅಲ್ಲೇ ಕರಗಿತು. ಮನೆಗೆ ಬಂದು ಓದಿದ ಮೇಲೆ ಗೊತ್ತಾಯಿತು, ವಿಕ್ಟೋರಿಯಾ ಈ ದಾನವನ್ನು ಕೈಯಾರೆ ಮಾಡಿದವಳೇ ಅಲ್ಲ. ಎರಡು ಶತಮಾನಕ್ಕೂ ಹೆಚ್ಚು ಕಾಲ ರಾಜ ರಾಣಿಯರ ಪರವಾಗಿ ಅಧಿಕಾರಿಗಳೇ ಹಂಚುತ್ತಿದ್ದರು. ಮತ್ತೆ ರಾಜನೇ ಬಂದು ಕೊಟ್ಟದ್ದು 1932ರಲ್ಲಿ, ಐದನೇ ಜಾರ್ಜ್. ಇನ್ನೂ ಒಂದಿದೆ. 1908ರವರೆಗೆ ಈ ಸೆಟ್‌ಗಳನ್ನು ಬ್ಯಾಂಕಿನ ಮೂಲಕ ಯಾರು ಬೇಕಾದರೂ ತರಿಸಿಕೊಳ್ಳಬಹುದಿತ್ತು. 1909ರಿಂದಷ್ಟೇ ಅದಕ್ಕೆ ಕಡಿವಾಣ ಬಿತ್ತು. ಅಂದರೆ ನನ್ನ ಸೆಟ್ ಬಡವರ ಕೈ ಮುಟ್ಟಿರಲೇಬೇಕು ಅಂತಿಲ್ಲ. ಯಾವುದೋ ಸಾಹೇಬರ ಮೇಜಿನ ಡ್ರಾಯರ್‌ನಲ್ಲೇ ಬಿದ್ದಿದ್ದಿರಬಹುದು.

ಕಥೆ ಹೋದರೆ ಹೋಗಲಿ, ನಾಣ್ಯವಾದರೂ ಸರಿ ಇದೆಯಲ್ವಾ ಅಂತ ಭೂತಗನ್ನಡಿ ಹಿಡಿದೆ. ಒಂದು, ಎರಡು, ನಾಲ್ಕು ಪೆನ್ಸಿನ ನಾಣ್ಯಗಳು ಕನ್ನಡಿ ಥರ ಹೊಳೆಯುತ್ತಿದ್ದವು. ಮೂರು ಪೆನ್ಸ್ ಮಾತ್ರ ಮಂಕು. ರಾಣಿಯ ಮುಸುಕಿನ ಮಡಿಕೆ ಸವೆದು ನುಣ್ಣಗಾಗಿತ್ತು. ಆ ಕಾಲದಲ್ಲಿ ಮೂರು ಪೆನ್ಸ್ ಸಂತೆ-ಪೇಟೆಯಲ್ಲೂ ಓಡಾಡುತ್ತಿದ್ದ ನಾಣ್ಯ. ಅದರ ಮೇಲೂ ಅದೇ ಕಿರೀಟ, ಅದೇ 3. ಕ್ರಿಸ್‌ಮಸ್ ಕಡುಬಿನೊಳಗೆ ಅಡಗಿಸಿಡುತ್ತಿದ್ದದ್ದೂ ಅದನ್ನೇ! ಸೆಟ್‌ನಲ್ಲಿ ಒಂದು ಕಳೆದುಹೋಗಿದ್ದಕ್ಕೆ ಚಲಾವಣೆಯ ಮೂರು ಪೆನ್ಸ್ ತಂದು ಜೋಡಿಸಿದ್ದರು. ಮಾಂಡಿಗೆಂದೇ ಹೊಡೆದದ್ದರ ಹೊಳಪು ಬೇರೆ. ಕೊಳ್ಳುವವರು ನಾಲ್ಕನ್ನೂ ಒಟ್ಟಿಗೆ ಬೆಳಕಿಗೆ ಓರೆ ಮಾಡಿ ಹಿಡಿಯಲಿ. ಮೂರು ಪೆನ್ಸ್ ಬೇರೆ ಮನೆಯ ಮಗು ಥರ ಕಂಡರೆ ಸುಮ್ನೆ ಎದ್ದು ಬರಲಿ. ಮುಜುಗರ ಏನಿಲ್ಲ.

ಹಳೇ ಬೆಳ್ಳಿಯನ್ನು ತಿಕ್ಕಬಾರದು ಅನ್ನುವುದನ್ನೂ ಸೇರಿಸಬೇಕು. ನಮ್ಮ ಮನೆಯಲ್ಲಿ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ದೀಪ, ಕುಂಕುಮದ ಬಟ್ಟಲಿನ ಜೊತೆ ಈ ನಾಲ್ಕೂ ಸೇರಿ ವಿಭೂತಿ ಸ್ನಾನ ಆಗಿಬಿಟ್ಟಿತು. ನಾನು ಮಾರ್ಕೆಟ್‌ನಿಂದ ಹೂವು ತರುವಷ್ಟರಲ್ಲಿ ಕನ್ನಡಿ ಹೊಳಪೆಲ್ಲಾ ಮಾಯ, ಸಣ್ಣ ಸಣ್ಣ ಗೀರು. ನನ್ನವಳು ನಾಣ್ಯಗಳನ್ನು ಬಟ್ಟೆಯಲ್ಲಿ ಒರೆಸಿ ನನ್ನ ಮುಂದಿಟ್ಟಳು. ‘ಮೂರರದ್ದು ಮಂಕು ಅಂತ ಗೊಣಗ್ತಿದ್ರಲ್ಲಾ, ಈಗ ನೋಡಿ, ನಾಲ್ಕೂ ಒಂದೇ ಥರ ಇವೆ’ ಅಂದಳು.

— ನಿವೃತ್ತ ಬ್ಯಾಂಕ್ ನೌಕರ, ಸರಸ್ವತಿಪುರಂ, ಮೈಸೂರು