ಸ್ಪ್ರಿಂಗಿನ ಮೇಲಿದ್ದ ಎರಡು ವಾಷರ್

ಗೋಕುಲ ರಸ್ತೆ, ಹುಬ್ಬಳ್ಳಿ

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ "ಬ್ಯಾಡ, ತಡಿ" ಅಂದಷ್ಟೇ ಹೇಳಿ ಇಟ್ಟುಬಿಟ್ಟೆ. ಕೈಯೆಲ್ಲ ಗ್ರೀಸ್ ಆಗಿತ್ತು, ಹೇಳಬೇಕಾದ ಮಾತೂ ಉದ್ದದ್ದು. ಅದಕ್ಕೇ ಈ ಪತ್ರ. ಇಂಥದೇ ಕೆಲಸಕ್ಕೆ ಕೈಹಾಕಿದವರು ಇನ್ನೂ ನಾಲ್ಕು ಮಂದಿ ಓದಲಿ ಎಂದು ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ.

ಪುಣೆಯಲ್ಲಿ ನೀನು ಬಿಚ್ಚಿ ಕೂತಿರುವ ಪೋರ್ಷೆ 944 ಟರ್ಬೊದಲ್ಲಿ ಬೂಸ್ಟ್ (ಟರ್ಬೊ ಎಂಜಿನ್ನಿಗೆ ತುಂಬುವ ಗಾಳಿಯ ಒತ್ತಡ) ಏರುತ್ತಿಲ್ಲ, ಆ ಒತ್ತಡಕ್ಕೆ ಮಿತಿ ಹಾಕುವ ವೇಸ್ಟ್‌ಗೇಟಿನ ಸ್ಪ್ರಿಂಗಿಗೆ ಒಂದು ವಾಷರ್ ಕೊಟ್ಟು ಬಿಗಿ ಮಾಡಲೇ ಅಂತ ಕೇಳಿದ್ದಿ. ಮಾಡಬೇಡ. ಯಾಕೆ ಅನ್ನಲು ಈ ಚಳಿಗಾಲ ನನ್ನ ಶೆಡ್ಡಿನಲ್ಲಿ ನಿಂತಿದ್ದ ಗಾಡಿಯ ಕತೆ ಹೇಳಬೇಕು.

ನಮ್ಮೂರಿನ ಡಾಕ್ಟರರೊಬ್ಬರು ಇಂಗ್ಲೆಂಡಿನಿಂದ ವಾಪಸಾಗುವಾಗ ತಂದ ಗಾಡಿ ಅದು. ಪೋರ್ಷೆ 911 ಟರ್ಬೊ, 1986ರ ಮಾಡೆಲ್. 1974ರ ಪ್ಯಾರಿಸ್ ಮೋಟರ್ ಶೋದಲ್ಲಿ ಮೂರು ಲೀಟರ್ ಎಂಜಿನ್ ಹೊತ್ತು ಬಂದು, 1978ರ ಮಾಡೆಲ್ಲಿಗೆ 3.3 ಲೀಟರ್ ಆಗಿ, ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಪಡೆಯಿತಲ್ಲ, ಕಂಪನಿ 930 ಅಂತ ನಂಬರು ಕೊಟ್ಟ ಆ ಗಾಡಿ. ಇಷ್ಟು ವರ್ಷ ಲಾರಿ, ಟ್ರ್ಯಾಕ್ಟರ್, ಜೀಪುಗಳ ಡೀಸೆಲ್ ಟರ್ಬೊ ಬಿಚ್ಚಿದ ಕೈ ನನ್ನದು. ಹಿಂಬದಿಯ ಆ ಎಂಜಿನ್ ಮುಚ್ಚಳ ಎತ್ತಿದ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಖುಷಿಗೆ.

ದೂರು ಒಂದೇ: ಗಾಡಿ ಏಳುವುದಿಲ್ಲ. ಟ್ಯಾಕೋಮೀಟರಿನೊಳಗೇ ಇರುವ ಬೂಸ್ಟ್ ಮುಳ್ಳು 0.8 ಬಾರ್ ಮುಟ್ಟಬೇಕು, 0.5ಕ್ಕೆ ಹೋಗಿ ಒದ್ದಾಡಿ ಇಳಿಯುತ್ತಿತ್ತು. ಹಿಂದೆ ಬೇರೆ ಊರಿನ ಒಂದು ಗ್ಯಾರೇಜಿನಲ್ಲಿ ಇದೇ ದೂರಿಗೆ ರಿಪೇರಿ ಮಾಡಿಸಿದ್ದರಂತೆ. ಆರು ತಿಂಗಳು ಚೆನ್ನಾಗಿ ಓಡಿ ಮತ್ತೆ ಹಳೇ ಹಾಡು.

ನಿನಗೆ ಗೊತ್ತಿರುವುದೇ, ಆದರೆ ಓದುವ ಉಳಿದವರಿಗಾಗಿ ಒಂದು ಮಾತು. ಎಂಜಿನ್ನಿನ ಸುಟ್ಟ ಗಾಳಿ ಟರ್ಬೈನನ್ನು ತಿರುಗಿಸುತ್ತದೆ, ಅದು ಹೊಸ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ತುಂಬಿದಷ್ಟೂ ಹೊಗೆ ಜಾಸ್ತಿ, ಹೊಗೆ ಜಾಸ್ತಿಯಾದಷ್ಟೂ ಟರ್ಬೈನ್ ಜೋರು. ಇದಕ್ಕೆ ತಡೆ ಬೇಕು. ಟರ್ಬೈನಿಗೆ ಹೋಗುವ ದಾರಿಯಲ್ಲೇ ಒಂದು ಕಳ್ಳಗಿಂಡಿ, ಅದೇ ವೇಸ್ಟ್‌ಗೇಟ್. ಸ್ಪ್ರಿಂಗ್ ಅದರ ವಾಲ್ವನ್ನು ಮುಚ್ಚಿ ಹಿಡಿದಿರುತ್ತದೆ. ಬೂಸ್ಟಿನ ಗಾಳಿ ಸಣ್ಣ ಪೈಪಿನಲ್ಲಿ ಬಂದು ಡಯಾಫ್ರಾಮ್ ಎಂಬ ಬಾಗುವ ಪರದೆಯನ್ನು ಒತ್ತಿ, ಒತ್ತಡ ಸಾಕಾದಾಗ ವಾಲ್ವ್ ಎತ್ತುತ್ತದೆ, ಹೆಚ್ಚಿನ ಹೊಗೆ ಟರ್ಬೈನ್ ಮುಟ್ಟದೆ ಹೊರಹೋಗುತ್ತದೆ. 0.8 ಬಾರ್ ಅಂದರೆ ಸಣ್ಣದೇನಲ್ಲ. ಒಂದೊಂದು ಚದರ ಸೆಂಟಿಮೀಟರಿಗೆ ಸುಮಾರು 800 ಗ್ರಾಂ. ಅಂಗೈ ಅಗಲದ ಡಯಾಫ್ರಾಮಿಗೆ ಲೆಕ್ಕ ಹಾಕಿದರೆ 30 ಕಿಲೋ ದಾಟುತ್ತದೆ. ಸ್ಪ್ರಿಂಗ್ ಅಷ್ಟನ್ನು ತಡೆಯುವಂಥದ್ದು. ಹಾಗಾಗಿ ವೇಸ್ಟ್‌ಗೇಟಿನ ಮುಚ್ಚಳದ ಬೋಲ್ಟುಗಳನ್ನು ಒಮ್ಮೆಲೇ ಬಿಚ್ಚಬೇಡ, ಮುಖಕ್ಕೇ ಹಾರೀತು. ನಾನು ಎದುರುಬದುರು ಎರಡು ಬೋಲ್ಟ್ ತೆಗೆದು ಅಲ್ಲಿ ಉದ್ದನೆಯ ಸ್ಟಡ್ ಕೂರಿಸಿ, ನಟ್ಟು ಸ್ವಲ್ಪ ಸ್ವಲ್ಪವೇ ಸಡಿಲಿಸುತ್ತ ಬಂದೆ. ಬೋಲ್ಟುಗಳು ತುಕ್ಕು ಹಿಡಿದು ಕಲ್ಲಾಗಿದ್ದವು. ಎರಡು ದಿನ ಎಣ್ಣೆ ಕುಡಿಸಿ, ಕಾಯಿಸಿ, ಮತ್ತೆ ಎಣ್ಣೆ ಹಾಕಿ ಬಿಡಿಸಿದೆ.

ಮುಚ್ಚಳ ಎದ್ದಾಗ ಸ್ಪ್ರಿಂಗಿನ ತಲೆಯ ಮೇಲೆ ಎರಡು ವಾಷರ್ ಕೂತಿದ್ದವು. ಕಂಪನಿಯವಲ್ಲ, ಯಾವುದೋ ಹಾರ್ಡ್‌ವೇರ್ ಅಂಗಡಿಯ ಸಾದಾ ವಾಷರ್.

ಹಿಂದಿನ ರಿಪೇರಿ ಅಂದರೆ ಅಷ್ಟೇ. ಕೆಳಗೆ ವಾಲ್ವಿನ ಸೀಟು, ಅಂದರೆ ಅದು ಕೂತು ಮುಚ್ಚುವ ಜಾಗ, ಇಸಬು ಹತ್ತಿದ ಚರ್ಮದ ಹಾಗೆ ಗುಂಡಿ ಗುಂಡಿಯಾಗಿತ್ತು, ವಾಲ್ವಿನ ಕಡ್ಡಿ, ಅಂದರೆ ಸ್ಟೆಮ್ಮು, ಅದನ್ನು ನೇರ ಹಿಡಿಯುವ ಕೊಳವೆಯಾದ ಗೈಡಿನೊಳಗೆ ಲಟಲಟ ಅಲುಗುತ್ತಿತ್ತು. ಪೆಟ್ರೋಲ್ ಟರ್ಬೊದ ಹೊಗೆ 900 ಡಿಗ್ರಿಯ ಹತ್ತಿರ ಹೋಗುತ್ತದೆ, ನಮ್ಮ ಡೀಸೆಲ್ಲಿಗಿಂತ ಬಹಳ ಬಿಸಿ. ಸವೆದ ಗೈಡಿನ ಸಂದಿಯಲ್ಲಿ ಆ ಬೆಂಕಿ ಮೇಲೇರಿ ಡಯಾಫ್ರಾಮನ್ನು ಬೇಯಿಸಿಬಿಟ್ಟಿತ್ತು. ಬೆರಳಲ್ಲಿ ಬಗ್ಗಿಸಿದೆ, ಸುಟ್ಟ ಹಪ್ಪಳದ ಹಾಗೆ ಮುರಿಯಿತು. ಅದು ಓಡುವಾಗಲೇ ಹರಿದಿದ್ದರೆ ವಾಲ್ವ್ ಎತ್ತುವವರೇ ಇಲ್ಲ, ಬೂಸ್ಟ್ ಏರುತ್ತಲೇ ಹೋಗುತ್ತಿತ್ತು. ಇಂಧನದ ಪಂಪ್ ನಿಲ್ಲಿಸುವ ಪ್ರೆಶರ್ ಸ್ವಿಚ್ಚೊಂದು ಈ ಗಾಡಿಗೆ ಇದೆ, ನಿಜ. ಆದರೆ ನಲವತ್ತು ವರ್ಷದ ಸ್ವಿಚ್ಚನ್ನು ನಂಬಿ ಎಂಜಿನ್ ಬಿಡಲಾದೀತೇ? ಸಿಲಿಂಡರಿನಲ್ಲಿ ಇಂಧನ ತಾನಾಗೇ ಸಿಡಿದರೆ ಪತ್ತೆ ಹಚ್ಚುವ ನಾಕ್ ಸೆನ್ಸರ್ ಇದಕ್ಕೆ ಇಲ್ಲ. ಸಿಲಿಂಡರಿನೊಳಗೆ ಗಾಳಿ ಒತ್ತುವ ಪ್ರಮಾಣವನ್ನು, ಅಂದರೆ ಕಂಪ್ರೆಶನ್ನು, 7ಕ್ಕೆ 1 ಅಂತ ಇಳಿಸಿಟ್ಟದ್ದೇ 0.8ರ ಲೆಕ್ಕಕ್ಕೆ. ಅದನ್ನು ದಾಟಿಸಿದರೆ ಪಿಸ್ಟನ್ನಿನ ತಲೆ ಕರಗಲು ಹೆಚ್ಚು ಹೊತ್ತು ಬೇಡ.

ಡಯಾಫ್ರಾಮ್ ಜರ್ಮನಿಯಿಂದ ತರಿಸಿದೆ. ಗೈಡು ಮಾತ್ರ ಇಲ್ಲೇ, ಬೀಡಿನಲ್ಲಿ ಲೇತಿಗೆ ಹಾಕಿಸಿದೆ. ಮೊದಲನೆಯದು ತಪ್ಪಾಯಿತು. ತಣ್ಣಗಿದ್ದಾಗ ಸ್ಟೆಮ್ಮು ರೇಷ್ಮೆಯಂತೆ ಜಾರುತ್ತಿತ್ತು, ಗ್ಯಾಸ್ ಟಾರ್ಚಿನಲ್ಲಿ ಕಾಯಿಸಿದರೆ ಗಪ್ಪನೆ ಹಿಡಿಯಿತು. ಕಾಯಿಸಿ ನೋಡದೆ ಹಾಗೇ ಜೋಡಿಸಿದ್ದರೆ? ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಎರಡನೆಯದಕ್ಕೆ ಕೂದಲೆಳೆಯಷ್ಟು ಸಡಿಲ ಕೊಟ್ಟೆವು.

ಇನ್ನು ಸೀಟು. ಹುಬ್ಬಳ್ಳಿ ವಾಲ್ವ್ ಮಾಡುವ ಊರು, ನಿನಗೆ ಗೊತ್ತಲ್ಲ. ಇಲ್ಲಿಯ ಕಾರ್ಖಾನೆಗಳ ಕೈಗಾರಿಕಾ ವಾಲ್ವುಗಳು ಎಲ್ಲೆಲ್ಲಿಗೋ ಹೋಗುತ್ತವೆ. ಅಂಥ ಕಡೆ ಮೂವತ್ತು ವರ್ಷ ಬರೀ ಲ್ಯಾಪಿಂಗ್, ಅಂದರೆ ವಾಲ್ವನ್ನು ಸೀಟಿಗೆ ಉಜ್ಜಿ ಕೂರಿಸುವ ಕೆಲಸ, ಮಾಡಿ ರಿಟೈರಾದ ಕಾಕಾ ಒಬ್ಬರು ನಮ್ಮ ಓಣಿಯಲ್ಲಿದ್ದಾರೆ. ಕರೆತಂದು ಸ್ಟೂಲು ಹಾಕಿ ಕೂರಿಸಿದೆ. ಅವರು ಸೀಟಿಗೆ ತೆಳ್ಳಗೆ ಪೇಸ್ಟ್ ಸವರಿ, ವಾಲ್ವನ್ನು ಎರಡೂ ಅಂಗೈ ನಡುವೆ ಮಜ್ಜಿಗೆ ಕಡೆಯುವ ಹಾಗೆ ಅತ್ತಿತ್ತ ತಿರುವಿ, ಎತ್ತಿ, ಕಾಲು ಸುತ್ತು ಸರಿಸಿ, ಮತ್ತೆ ತಿರುವಿದರು. ನನ್ನ ಕೈಗೆ ಕೊಟ್ಟಾಗ ನಾನು ಬಗ್ಗಿ ಬಗ್ಗಿ ನೋಡುತ್ತಿದ್ದೆ.

"ಕಣ್ಣೀಲೆ ನೋಡಬ್ಯಾಡೋ ತಮ್ಮಾ, ಕಿವಿ ಕೊಡು. ಅದರ ದನಿ ಬದಲಾಗತೈತಿ. ಜೋರ ಒತ್ತಬ್ಯಾಡ, ಪೇಸ್ಟ್ ತನ್ನ ಕೆಲಸ ತಾ ಮಾಡತೈತಿ."

ಬದಲಾಯಿತು. ಮೊದಲು ಕರಕರ ಅನ್ನುತ್ತಿದ್ದದ್ದು, ಎರಡು ತಾಸಾದ ಮೇಲೆ ಕಾಗದದ ಮೇಲೆ ಕಾಗದ ಸವರಿದ ಹಾಗೆ ಮೆತ್ತಗಾಯಿತು. ಗುರುತಿನ ನೀಲಿ ಬಣ್ಣ ಹಚ್ಚಿ ಒತ್ತಿ ತೆಗೆದರೆ ಎಲ್ಲೂ ಕಡಿಯದ ಸಣ್ಣ ಉಂಗುರ. ಮೇಲೆ ಸೀಮೆಎಣ್ಣೆ ಹೊಯ್ದು ಚಹಾ ಕುಡಿದು ಬಂದೆವು, ಒಂದು ಹನಿಯೂ ಕೆಳಗೆ ಇಳಿದಿರಲಿಲ್ಲ.

ವಾಷರ್ ಎರಡನ್ನೂ ತೆಗೆದು ಜೋಡಿಸಿದೆ. ಗೆಳೆಯಾ, ಇಲ್ಲೇ ನಿನ್ನ ಪ್ರಶ್ನೆಗೆ ಉತ್ತರ ಇರೋದು. ಸೋರುವ ವಾಲ್ವಿಗೆ ವಾಷರ್ ಕೊಟ್ಟವನು ಸೋರಿಕೆಯನ್ನು ಮುಚ್ಚಲಿಲ್ಲ, ಮುಳ್ಳನ್ನಷ್ಟೇ ಮೇಲೆತ್ತಿದ. ನಾಳೆ ಯಾರೋ ಸೀಟು ಸರಿ ಮಾಡಿ, ಮುಚ್ಚಳದೊಳಗಿನ ವಾಷರ್ ಗೊತ್ತಿಲ್ಲದೆ ಬಿಟ್ಟರೆ ಆ ಎಂಜಿನ್ ಅವರ ಕೈಯಲ್ಲಿ ಹೋಗುತ್ತದೆ.

ಬೆಂಚಿನ ಮೇಲೆ ಗೇಜು ಕಟ್ಟಿ ಗಾಳಿ ಕೊಟ್ಟು ನೋಡು, ಆದರೆ ಆ ಅಂಕಿಯನ್ನೇ ಬೂಸ್ಟ್ ಅಂತ ಹಿಡಿಯಬೇಡ. ರಸ್ತೆಯಲ್ಲಿ ಹೊಗೆಯ ಒತ್ತಡವೂ ಕೆಳಗಿನಿಂದ ವಾಲ್ವನ್ನು ನೂಕುತ್ತದೆ. ಬೆಂಚಿನಲ್ಲಿ ನೋಡಬೇಕಾದ್ದು ವಾಲ್ವ್ ತಡವರಿಸದೆ ಏಳುತ್ತದೆಯೇ, ಅಷ್ಟೇ ಸಲೀಸಾಗಿ ಕೂರುತ್ತದೆಯೇ ಎಂದು.

ಒಂದು ನಸುಕಿನಲ್ಲಿ ಡಾಕ್ಟರರ ಜೊತೆ ಗದಗ ರಸ್ತೆ ಹಿಡಿದೆ. ಅಣ್ಣಿಗೇರಿ ದಾಟಿದ ಮೇಲೆ ಎರಡೂ ಕಡೆ ಎರೆ ಹೊಲ, ಕಡಲೆ, ಜೋಳ, ಖಾಲಿ ರಸ್ತೆ. ಮೂರನೇ ಗೇರಿನಲ್ಲಿ ಒತ್ತಿದರು. ಮುಳ್ಳು 0.5 ದಾಟಿತು, 0.7, 0.8. ಅಲ್ಲಿಗೆ ನಿಂತಿತು, ಗೋಡೆಗೆ ಮೊಳೆ ಹೊಡೆದ ಹಾಗೆ. ಹಿಂದಿನಿಂದ ವೇಸ್ಟ್‌ಗೇಟಿನ ಪೈಪು ಬೇರೆಯೇ ಒಂದು ಗೊಗ್ಗರು ದನಿ ತೆಗೆಯಿತು. ಡಾಕ್ಟರರು ಮಾತಾಡಲಿಲ್ಲ, ನನ್ನ ಮೊಣಕಾಲ ಮೇಲೆ ಒಮ್ಮೆ ಕೈಯಿಟ್ಟರು.

ನಿನ್ನ ವೇಸ್ಟ್‌ಗೇಟನ್ನು ಬಿಚ್ಚಬೇಡ, ಇಡಿಯಾಗಿ ಕಳಚಿ ರಾತ್ರಿ ಬಸ್ಸಿಗೆ ಪಾರ್ಸಲ್ ಹಾಕು. ಫ್ಲೇಂಜಿನ ಬಾಯಿಗೆ ಬಟ್ಟೆ ತುರುಕಿ ಕಟ್ಟು, ಮುಖಕ್ಕೆ ಪೆಟ್ಟು ಬೀಳಬಾರದು. ಕಾಕಾ ಅವರಿಗೆ ಈಗಲೇ ಹೇಳಿಟ್ಟಿದ್ದೇನೆ.

ನಿನ್ನ ಗೆಳೆಯ